ಅಬ್ಬಾನ ಕಿವಿ, ದೋಣಿಯ ಗಡಗಡ

ಗಡ್ ಗಡ್ ಗಡ್, ಒಣ ಕಡಲೆ ಬೀಸಿದ ಹಾಗೆ, ಮತ್ತೆ ಅದೇ, ಕಾಲಡಿಯ ಹಲಗೆಯಿಂದ ಮೊಣಕಾಲಿಗೆ ಏರಿ ಬರುತ್ತದೆ, ಗೇರು ತೆಗೆದರೆ ಗಪ್‌ಚುಪ್, ಹಾಕಿದರೆ ಗಡ್ ಗಡ್ — ಬಡಕೋ, ಎಷ್ಟು ಬಡಕೊಳ್ಳುತ್ತೀಯೋ ಬಡಕೋ, ಶಾಯಿಸ್ತಾ ಇವತ್ತು ನಿನ್ನನ್ನು ಬಿಡುವವಳಲ್ಲ. ಉಣಕಲ್ ಕೆರೆಯ ನೀರು ಬಿಸಿಲಿಗೆ ಕಣ್ಣು ಕುಕ್ಕುತ್ತಿದೆ, ದಂಡೆಯ ಕಟ್ಟೆಯ ಮೇಲೆ ಅಬ್ಬಾ ಈ ಕಡೆ ಬೆನ್ನು ಮಾಡಿ ಕೂತಿದ್ದಾರೆ, ತಾರಿಹಾಳದಲ್ಲಿ ಲಾರಿ ಗೇರ್‌ಬಾಕ್ಸ್ ಅಂದರೆ ಅಮೀನಸಾಬ, ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ, ಕಣ್ಣು ಮುಚ್ಚಿ ಬೇರಿಂಗಿನ ಜಾತಕ ಹೇಳುವ ಅಮೀನಸಾಬ, ಅವರು ಬೆನ್ನು ಮಾಡಿ ಕೂತಿದ್ದಾರೆ. ಗೇರ್‌ಬಾಕ್ಸ್ ಛಲೋ ಐತಿ ದ್ಯಾಮಣ್ಣ, ನನ್ನ ಮಾತ ಕೇಳು, ಎಂದಿದ್ದರು ಹೋದ ವಾರ, ಕೆರೆಯಲ್ಲಿ ದೋಣಿ ನಡೆಸುವ ದ್ಯಾಮಣ್ಣ ಮೀಸೆಯಲ್ಲೇ ನಕ್ಕಿದ್ದ, ಚಾಚಾ, ಇಡೀ ಹುಬ್ಬಳ್ಳಿಗೆ ಕೇಳಾಕತ್ತೈತಿ, ನಿಮಗೊಬ್ಬರಿಗೇ ಕೇಳವಲ್ದೇನ್ರಿ? — ಅಷ್ಟೇ, ಒಂದೇ ಮಾತು, ಅಂದಿನಿಂದ ಅಬ್ಬಾ ಗ್ಯಾರೇಜಿನ ಕಡೆ ಹಾಯ್ದಿಲ್ಲ, ನನ್ನ ಕಿವಿ ಸತ್ತಾವ ಬೇಟಾ, ಇನ್ನ ನೀನೇ ನೋಡ್ಕೋ, ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದವರನ್ನು ಇವತ್ತು ಅವಳೇ ಎಬ್ಬಿಸಿ ಕರೆತಂದಿದ್ದಾಳೆ, ಗೇರ್‌ಬಾಕ್ಸ್ ಹೋಗಿದ್ದರೆ ಸಂಜೀಕ ದೋಣಿ ಒಡಸ್ತೇನಿ ಎಂದು ದ್ಯಾಮಣ್ಣ ದಂಡೆಯ ಮೇಲೆ ಕುಣಿಯುತ್ತಿದ್ದಾನೆ, ಕುಣಿಯಲಿ, ದೋಣಿಯ ಚಿಂತೆ ಅವನಿಗೆ, ತನಗೆ ಅಬ್ಬಾನ ಮಾತು ಖರೆಯಾಗಬೇಕು. ಇವತ್ತು ಆಗದಿದ್ದರೆ ಅವರು ಇನ್ನು ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ.

ಇಂಜಿನ್ ಬಂದ್, ಬಗ್ಗು, ಎಣ್ಣೆಯ ವಾಸನೆ, ಓಢಣಿ ಸೊಂಟಕ್ಕೆ ಬಿಗಿ — ಗೇರ್‌ಬಾಕ್ಸಿನ ಹಿಂದೆ, ನೀರೊಳಗಿನ ಪಂಖಾಕ್ಕೆ ಹೋಗುವ ಉದ್ದ ಸಲಾಕೆ, ಶಾಫ್ಟು, ಎರಡೂ ಕೂಡುವಲ್ಲಿ ಕಬ್ಬಿಣದ ಎರಡು ತಟ್ಟೆ, ಮುಖಕ್ಕೆ ಮುಖ, ಅವುಗಳ ಬೋಲ್ಟು ಬಿಚ್ಚಿ ಶಾಫ್ಟನ್ನು ಹಿಂದಕ್ಕೆ ತಳ್ಳಿ ಇಂಜಿನ್ ಮಾತ್ರ ಓಡಿಸಿ ಗೇರು ಹಾಕಿದಳು, ಸದ್ದೇ ಇಲ್ಲ, ಬೆಣ್ಣೆ! ನೋಡ್ರಿ ದ್ಯಾಮಣ್ಣಾರ, ಗೇರ್‌ಬಾಕ್ಸ್ ಪಿಟ್ಟೆನ್ನವಲ್ದು, ಹಂಗಾದ್ರ ಶಾಫ್ಟ್ ಡೊಂಕ ಆಗಿರಬೇಕ ತಂಗಿ, ಎಂದ ಅವನು, ಸೋತರೂ ಮೀಸೆ ಮಣ್ಣಾಗಲಿಲ್ಲ ಇವನದು, ಇರಲಿ, ಅದನ್ನೂ ನೋಡೋಣ, ಇಂಜಿನ್ ನಿಲ್ಲಿಸಿ, ಬೋಲ್ಟಿಲ್ಲದೆ ತಟ್ಟೆಗಳನ್ನು ಮತ್ತೆ ಕೂಡಿಸಿ ಶಾಫ್ಟಿನ ತಟ್ಟೆಯ ಅಂಚಿಗೆ ಸೀಮೆಸುಣ್ಣದ ಒಂದು ಗೀಟು ಎಳೆದಳು, ಸಂದಿಯಲ್ಲಿ ತೆಳು ತಗಡು ತೂರಿಸಿದಳು, ಮೇಲೆ ಹೋಗುವುದಿಲ್ಲ, ಕೆಳಗೆ ಸರಾಗ, ಕೈಯಿಂದ ಶಾಫ್ಟು ತಿರುಗಿಸು, ಗೀಟು ಕೆಳಗೆ ಬಂತು, ಮೇಲೆ ಹೋಯಿತು, ಸಂದು ಮಾತ್ರ ಕೆಳಗೇ ಕೂತಿದೆ, ಶಾಫ್ಟು ಡೊಂಕಾಗಿದ್ದರೆ ಗೀಟಿನ ಜತೆ ಸಂದೂ ತಿರುಗಬೇಕಿತ್ತು, ಅಂದರೆ ಇಂಜಿನ್ನೇ ಸೊಟ್ಟ ಕೂತಿದೆ, ಆದರೆ ಕೂರಿಸಿದವರು ಯಾರು, ತಾನೇ ಅಲ್ಲವೇ, ಹಲಗೆ ರಿಪೇರಿಗೆಂದು ದೋಣಿಯನ್ನು ತಾರಿಹಾಳಕ್ಕೆ ತಂದು ದಿಮ್ಮಿಗಳ ಮೇಲೆ ನಿಲ್ಲಿಸಿದಾಗ, ಅಬ್ಬಾನ ಎದುರು, ಕೂದಲೂ ತೂರದ ಹಾಗೆ — ಮಾಡೂದ ಮಾಡ ತಂಗಿ, ಹೊತ್ತಾತು, ಎಂದು ದ್ಯಾಮಣ್ಣ ತನ್ನ ಭಾರದ ಸಮೇತ ದಂಡೆಗೆ ಕಟ್ಟಿದ್ದ ದೋಣಿಗೆ ಕಾಲಿಟ್ಟ, ಹಲಗೆ ಕಿರ್ರೆಂದಿತು, ಸಂದಿಯಲ್ಲಿದ್ದ ತಗಡು ತಾನಾಗಿ ಅಲುಗಿತು. ಅಯ್ಯ ನನ್ನ ಜಾಣತನವೇ! ಲಾರಿಯವರು ನಾವು, ನೆಲದ ಮೇಲೆ ಅಳೆದು ನೆಲದ ಮೇಲೆ ಓಡಿಸುವವರು, ದೋಣಿಗೂ ಅದೇ ಮಾಡಿದೆವು, ದಿಮ್ಮಿಯ ಮೇಲೆ ಒಂದು ಆಕಾರ, ನೀರಿಗೆ ಬಿದ್ದರೆ ಇನ್ನೊಂದು, ಕೂತವರ ಭಾರಕ್ಕೆ ಜಗ್ಗುವ ಹೊರಸಿನ ಹಾಗೆ, ನೀರಿನ ಮೇಲೆಯೇ ಅಳೆಯಬೇಕಿತ್ತು. ನಗು ಬಂತು ಅವಳಿಗೆ, ತಡೆಯಲಾರದ ನಗು.

ಇಂಜಿನ್ ನಿಂತ ಮುಂದಿನ ಕಾಲುಗಳ ನಟ್ಟು ಇಳಿಸು, ಇನ್ನಷ್ಟು, ತಗಡು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಎಲ್ಲೆಡೆ ಒಂದೇ ಬಿಗಿ, ಬೋಲ್ಟು ಬಿಗಿಸು, ಇಂಜಿನ್, ಗೇರು — ಏನಿಲ್ಲ, ನೀರು ಸೀಳುವ ಸಪ್ಪಳವೊಂದೇ, ದ್ಯಾಮಣ್ಣನ ಬಾಯಿ ತೆರೆದದ್ದು ತೆರೆದೇ ಇದೆ, ಕೆರೆಯೇ ತನ್ನದಾದಷ್ಟು ಖುಷಿ, ದೋಣಿಯನ್ನು ದಂಡೆಗೆ ತಂದು ಕೂಗಿದಳು, ಅಬ್ಬಾ, ಬರ್ರಿ ಇಲ್ಲೆ, ಲಗೂ ಬರ್ರಿ, ಅವರು ಎದ್ದರು, ಚಪ್ಪಲಿ ಕಳಚಿ ದೋಣಿಗೆ ಇಳಿದರು, ಸ್ಕ್ರೂಡ್ರೈವರ್ ಎತ್ತಿ ಇಂಜಿನ್ನಿಗಿಟ್ಟು ಹಿಡಿಗೆ ಕಿವಿ ಕೊಟ್ಟು ಕಣ್ಣು ಮುಚ್ಚಿದರು, ಹಣೆಯ ಗೆರೆಗಳು ಒಂದೊಂದಾಗಿ ಸಡಿಲವಾದವು, ಆಮೇಲೆ ಒಮ್ಮೆಲೇ ಒಂದು ಗೆರೆ ಬಿಗಿಯಿತು, ಎಡಗಡೆ, ಮುಂದಿನ ಕಾಲು, ನಟ್ಟ ಇನ್ನೂ ಕಚ್ಚಿಲ್ಲ ನೋಡ ಬೇಟಾ. ಛೇ, ತಾನೇ ಬಿಗಿಸಿದ್ದು, ಆದರೂ ನಟ್ಟಿಗೆ ಪಾನಾ ಹಾಕಿ ತಿರುವಿದಳು, ತಿರುಗಿತು, ಹೌದು, ಚೂರು ತಿರುಗಿತು! ಕೇಳಿದ್ರೇನ್ರಿ ದ್ಯಾಮಣ್ಣಾರ, ಸತ್ತ ಕಿವಿ ಹೇಳಿದ್ದ ಕೇಳಿದ್ರೇನ್ರಿ, ನನ್ನಿಂದ ತಪ್ಪಾತ್ರಿ ಚಾಚಾ ಎನ್ನುತ್ತಿದ್ದಾನೆ ಅವನು, ಅಬ್ಬಾ ಅವನತ್ತ ನೋಡುತ್ತಲೂ ಇಲ್ಲ, ತುಟಿಯಲ್ಲಿ ನಗು, ಕಿವಿ ಹಿಡಿಗೇ ಅಂಟಿದೆ, ಕೆಳಗೆ ತಟ್ಟೆಯ ಮೇಲಿನ ಸುಣ್ಣದ ಗೀಟು ತಿರುಗಿ ತಿರುಗಿ ಗೀಟಾಗಿ ಉಳಿದಿಲ್ಲ, ಒಂದು ಬಿಳಿ ಬಳೆ, ಅಲುಗದ ಬಿಳಿ ಬಳೆ, ಅಬ್ಬಾನ ಮುಚ್ಚಿದ ಕಣ್ಣು, ಬಿಳಿ ಬಳೆ.