ಒಂದು ಮನೆಯ ಎರಡು ಗ್ಯಾಲಕ್ಸಿ

ನನ್ನ ಅಣ್ಣ ಅಮರನ ದವಡೆ ಮುರಿದವನು ನಾನೇ. ಜಾರಿ ಬಿದ್ದ ಎಂದು ಅವ್ವ ಡಾಕ್ಟರಿಗೆ ಹೇಳಿದ್ದು ಶುದ್ಧ ಸುಳ್ಳು.

೨೦೦೫ರ ಆ ಭಾನುವಾರ ಸ್ನೇಹಲಳ ಮನೆಯವರು ನಮ್ಮ ಮನೆ ನೋಡಲು ಕಾತ್ರಜಕ್ಕೆ ಬಂದಿದ್ದರು. ಹುಡುಗಿ ನೋಡುವುದು ಮುಗಿದಿತ್ತು; ಅವಳು ನನಗೆ ಹಿಡಿಸಿದ್ದಳು. ಈಗ ಅವಳು ಹೂಂ ಅನ್ನಬೇಕಿತ್ತು, ಅಷ್ಟೇ. ಅವಳೂ ಜೊತೆಗೆ ಬಂದಿದ್ದಳು. ಅಪ್ಪನಿಗೋ ಹೊಗಳಲು ಇದ್ದ ಮಗ ಒಬ್ಬನೇ. ತಳೇಗಾಂವದ ಕಾರ್ಖಾನೆಯಲ್ಲಿ ಲೇಥ್ ಯಂತ್ರ ನಡೆಸುವ ನನ್ನನ್ನು ‘ಇವ ಸಣ್ಣಾಂವ, ಮಾಂತು’ ಎಂದು ಒಂದೇ ಮಾತಿನಲ್ಲಿ ಮುಗಿಸಿ, ಆಕಾಶ ಅಳೆಯುವ ಅಣ್ಣನನ್ನು ಮುಂದೆ ಕೂರಿಸಿದ.

ಅಣ್ಣ ಶುರು ಮಾಡಿದ. ಸಾವಿರ ಕೋಟಿ ವರ್ಷಕ್ಕೂ ಹಿಂದಿನ, ಬಲು ದೂರದ ಗ್ಯಾಲಕ್ಸಿಗಳು. ಪ್ರತಿಯೊಂದರ ಸುತ್ತ ಕಣ್ಣಿಗೆ ಕಾಣದ ಕಪ್ಪು ದ್ರವ್ಯದ ದೊಡ್ಡ ಗೋಳ. ಆ ಗೋಳವೇ ಅದರ ಮನೆಯಂತೆ. ಕೆಲವು ಮನೆಗಳಲ್ಲಿ ಎರಡಿರುತ್ತವಂತೆ.

“ನಡುವ ಇರೂದು ದೊಡ್ಡದು. ಸಣ್ಣದು ಅದರ ಸುತ್ತ ತಿರುಗತದ. ಬೆಳಿಯೂದು ನಿಂತಬಿಡತದ. ಕಡೀಕ ದೊಡ್ಡದು ಅದನ್ನ ಹರದು ತಿಂತದ. ಆದ್ರ ಆ ಸಣ್ಣದು...”

ಸ್ನೇಹಲಳ ಅಪ್ಪ ನನ್ನತ್ತ ನೋಡಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಹಿತ್ತಾಳೆ ತಂಬಿಗೆ ಎತ್ತಿ ಅಣ್ಣನ ಮುಖಕ್ಕೆ ಬೀಸಿದೆ. ಎಲುಬು ಲಟಕ್ಕೆಂದಿತು. ಕುರ್ಚಿ ಸಮೇತ ಉರುಳಿದವನ ಎದೆಯ ಮೇಲೆ ಕೂತು ಮತ್ತೆ ಹೊಡೆದೆ, ಮತ್ತೆ ಹೊಡೆದೆ. ಅವಲಕ್ಕಿಯ ತಟ್ಟೆಗೆ ಎರಡು ಹಲ್ಲು ಬಿದ್ದವು. ಬಿಡಿಸಲು ಬಂದ ಅಪ್ಪನನ್ನು ಗೋಡೆಗೆ ನೂಕಿದೆ. ಅವನ ಹಣೆ ಒಡೆಯಿತು. ಯಾಕೆ ಮುಚ್ಚಿಡಲಿ, ಹೊಡೆಯುವಾಗ ಹಾಯೆನಿಸಿತ್ತು.

ಮೂರನೇ ದಿನ ಸ್ನೇಹಲ್ ತಾಯಿಯ ಜೊತೆ ಆಸ್ಪತ್ರೆಗೆ ಬಂದಳು. ತಂತಿ ಬಿಗಿದ ಅಣ್ಣನ ಬಾಯಿಗೆ ನಾನು ನಳಿಗೆಯಲ್ಲಿ ಹಾಲು ಕುಡಿಸುತ್ತಿದ್ದೆ. ಅವತ್ತು ಅರ್ಧಕ್ಕೆ ನಿಂತ ಮಾತು ಏನಿತ್ತು ಎಂದು ಅವಳು ಅಣ್ಣನನ್ನೇ ಕೇಳಿದಳು. ಅವನು ಹಾಳೆ ತೆಗೆದುಕೊಂಡು ಬರೆದ. ಅವಳು ಗಟ್ಟಿಯಾಗಿ ಓದಿದಳು:

“ಆದರೆ ಆ ಸಣ್ಣದು ಜೊತೆಗಿರುವುದರಿಂದಲೇ ಮನೆಯ ತೂಕ ನಮಗೆ ತಿಳಿಯುತ್ತದೆ. ನಮ್ಮ ಮನೆಗೆ ಮಾಂತು ಹಾಗೆ ಎನ್ನುವವನಿದ್ದೆ.”

ನನಗೆ ತಲೆ ಎತ್ತಲಾಗಲಿಲ್ಲ. ಅವಳು ಹಾಳೆಯನ್ನು ಮಡಿಸಿ ನನ್ನ ಕೈಗಿಟ್ಟಳು.

“ಇಬ್ಬರನೂ ಜೋಡೀಲೆ ನೋಡೀನ್ರಿ. ನಿಮ್ಮ ಮನಿ ತೂಕ ನನಗೂ ತಿಳೀತು. ನಾ ಬರಂಗಿಲ್ಲ.”

ಅವರು ಹೋದ ಮೇಲೆ ಅಣ್ಣ ಲೋಟದತ್ತ ಬೆರಳು ತೋರಿಸಿದ. ನಳಿಗೆ ಹಿಡಿಯಲು ಹೋದೆ. ನನ್ನ ಕೈ ಮೇಲೇಳುತ್ತಲೇ ಅವನು ಗಕ್ಕನೆ ಮುಖ ಮುಚ್ಚಿಕೊಂಡ.