ಸಂಜೆಯವರೆಗಿನ ಬಿಳುಪು

ಬೆಳಿಗ್ಗೆ ಹತ್ತಕ್ಕೇ ಬ್ಯೂಟಿ ಪಾರ್ಲರಿನ ಕುರ್ಚಿಗಳೆಲ್ಲ ತುಂಬಿ, ಇಬ್ಬರು ಮೆಟ್ಟಿಲ ಮೇಲೆ ಕುಳಿತಿದ್ದರು. ಯಾರೂ ಕೂದಲಿಗೆಂದು ಬಂದವರಲ್ಲ. ಎಲ್ಲರಿಗೂ ಹಲ್ಲು ಬೆಳ್ಳಗಾಗಬೇಕಿತ್ತು. ಒಡತಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ತಿಂಗಳ ಹಿಂದೆ ಏಜೆಂಟನೊಬ್ಬ ನೀಲಿ ಜೆಲ್ ತುಂಬಿದ ಸಿರಿಂಜುಗಳನ್ನು ಕೊಟ್ಟು ಹೋಗಿದ್ದ. ಅದನ್ನು ಹಚ್ಚಿ, ಎರಡು ನಿಮಿಷ ಬಿಟ್ಟು ತೊಳೆದು, ಹೇರ್ ಡ್ರೈಯರಿನ ಗಾಳಿ ಹಿಡಿದರೆ ಹಲ್ಲು ಸುಣ್ಣ ಬಳಿದ ಗೋಡೆಯಂತಾಗುತ್ತಿತ್ತು. ಸಂಜೆಗೆ ಬಿಳುಪು ಮಾಯವಾಗುತ್ತಿತ್ತು, ನಿಜ. ಮತ್ತೆ ಬನ್ನಿ ಎಂದರೆ ಜನ ಕುಣಿದುಕೊಂಡು ಬರುತ್ತಿದ್ದರು.

ಅವಳ ನಾದಿನಿಯೇ ಆರು ಸಲ ಹಚ್ಚಿಸಿಕೊಂಡಿದ್ದಳು. ಟೀವಿಯಲ್ಲಿ ಸುದ್ದಿ ಓದುವ ಕೆಲಸಕ್ಕೆ ಮರುದಿನವೇ ಆಡಿಷನ್. ಏಳನೆಯ ಸಲಕ್ಕೆಂದು ಸಡಗರದಿಂದ ಬಂದವಳು ಒಂದು ಗುಟುಕು ತಣ್ಣೀರು ಕುಡಿದದ್ದೇ ತಡ, ಕೆನ್ನೆ ಹಿಡಿದು ಕುಸಿದಳು.

"ಅತ್ತಿಗೆ, ನೀರಲ್ಲ, ಸೂಜಿ ಕುಡಿದ ಹಾಗಾಯ್ತು."

ಬಂದವರನ್ನು ಕಾಯಲು ಹೇಳಿ, ಇಬ್ಬರೂ ರಸ್ತೆಯ ಎದುರು ಬದಿಯ ದಂತವೈದ್ಯೆಯ ಬಳಿಗೆ ಓಡಿದರು. ಒಡತಿ ಸಿರಿಂಜನ್ನೂ ತೋರಿಸಿದಳು. ವೈದ್ಯೆ ಅದನ್ನು ತಿರುಗಿಸಿ ನೋಡಿ, ತಮ್ಮ ಡ್ರಾಯರಿನಿಂದ ಅಂಥದ್ದೇ ಇನ್ನೊಂದನ್ನು ತೆಗೆದಿಟ್ಟರು. ಒಡತಿಗೆ ಹೋದ ಜೀವ ಬಂದಂತಾಯಿತು.

"ನೀವೂ ಇದನ್ನೇ ಹಚ್ತೀರಲ್ಲ ಡಾಕ್ಟ್ರೆ. ನಾನು ಮಾಡಿದ್ರೆ ಮಾತ್ರ ತಪ್ಪು ಹೇಗಾಗುತ್ತೆ?"

"ಇದು ಆಸಿಡ್ ಅಮ್ಮ. ಹಲ್ಲಿನ ಮೇಲಿನ ಎನಾಮಲ್ ಪದರ ಕರಗಿ, ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಬಿದ್ದಾಗ ಹಲ್ಲು ಹಾಗೆ ಬೆಳ್ಳಗೆ ಕಾಣುತ್ತೆ. ನಾನು ಹುಳುಕು ಹಲ್ಲು ತುಂಬೋವಾಗ, ಬೇಕಾದಷ್ಟೇ ಜಾಗಕ್ಕೆ, ಹದಿನೈದು ಸೆಕೆಂಡ್ ಹಚ್ಚಿ, ಆ ತೂತಿನೊಳಗೆ ಅಂಟು ಇಳಿಸಿ ಮುಚ್ತೀನಿ. ಗಾರೆ ಹಿಡೀಲಿ ಅಂತ ಗೋಡೆ ಕೆತ್ತೋದಿಲ್ವಾ, ಹಾಗೆ. ನೀವು ಕೆತ್ತಿ ಹಾಗೇ ಬಿಟ್ಟು ಕಳಿಸ್ತಿದ್ದೀರಿ."

ಒಂದು ಸಲದ ಪೆಟ್ಟನ್ನು ಎಂಜಲೇ ನಿಧಾನವಾಗಿ ಸರಿಪಡಿಸೀತು, ಮೇಲಿಂದ ಮೇಲೆ ಕರಗಿಹೋದ ಪದರ ಮಾತ್ರ ಮತ್ತೆ ಬೆಳೆಯದು ಎಂದೂ ಅವರು ತಿಳಿಸಿದರು. ಫ್ಲೋರೈಡ್ ಲೇಪಿಸಿಕೊಂಡ ನಾದಿನಿ, ಆಡಿಷನ್ನಿಗೆ ಹಲ್ಲು ಇದ್ದ ಬಣ್ಣದಲ್ಲೇ ಹೋಗುತ್ತೇನೆ, ಓದುವುದು ಹಲ್ಲಲ್ಲ ನಾಲಿಗೆ ಎಂದಳು. ಒಡತಿಗೆ ನಗು ಬರಲಿಲ್ಲ.

ಪಾರ್ಲರಿಗೆ ಮರಳಿದಾಗ ಎಲ್ಲರೂ ಒಟ್ಟಿಗೆ ಎದ್ದು ನಿಂತರು. ಸಂಜೆ ಫೋಟೋ ಇದೆ, ನನ್ನದು ಮೊದಲು ಮಾಡಿ ಎಂದು ಒಬ್ಬಳು ಮುಂದೆ ನುಗ್ಗಿದಳು. ಒಡತಿ ಸಿರಿಂಜುಗಳ ಡಬ್ಬಿಯನ್ನು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡಳು.

"ನನ್ನ ಹತ್ರ ಹಚ್ಚಿಸಿಕೊಂಡ ಮೇಲೆ ಯಾರ್ಯಾರಿಗೆ ಹಲ್ಲು ಜುಮ್ ಅನ್ನುತ್ತೆ? ಸುಳ್ಳು ಹೇಳಬೇಡಿ."

ತಿಂಗಳಿಡೀ ಅವಳು ಕೇಳದಿದ್ದ ಪ್ರಶ್ನೆ ಅದು. ಮೊದಲು ಒಂದು ಕೈ ಮೇಲೆದ್ದಿತು. ಅಕ್ಕಪಕ್ಕ ನೋಡಿಕೊಂಡು ಇನ್ನೆರಡು. ಆಮೇಲೆ ಫೋಟೋದವಳ ಕೈಯೂ.

"ತಪ್ಪು ನನ್ನದು. ಡಾಕ್ಟ್ರ ಹತ್ರ ನಡೀರಿ, ನಾನೂ ಬರ್ತೀನಿ" ಎಂದು ಒಡತಿ ಪಾರ್ಲರಿಗೆ ಬೀಗ ಹಾಕಿದಳು. ಬರುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ, ಒಬ್ಬೊಬ್ಬರನ್ನಾಗಿ ಎಲ್ಲರನ್ನೂ ರಸ್ತೆ ದಾಟಿಸಿದಳು.