ಟ್ರಂಕಿನ ಮುಚ್ಚಳ

ಮಂಚದಡಿಯಿಂದ ಕಬ್ಬಿಣದ ಟ್ರಂಕನ್ನು ಮಗಳು ಎರಡೂ ಕೈಯಿಂದ ಎಳೆಯುತ್ತಿದ್ದಳು. ಹೊರಗಿನ ಕೋಣೆಯಲ್ಲಿ ಅಮ್ಮ ಬಿಳಿ ಹೊದಿಕೆಯಡಿ ಮಲಗಿದ್ದಳು. ಕೊಂಡೊಯ್ಯುವ ವ್ಯಾನು ನಾಲ್ಕಕ್ಕೆ ಬರುವುದಿತ್ತು.

"ಈಗ್ಯಾಕೆ ಅದು?" ಎಂದ ಅಪ್ಪ, ಬಾಗಿಲಲ್ಲಿ ನಿಂತು. ಸೇನೆ ಬಿಟ್ಟು ಆರು ವರ್ಷವಾದರೂ ಅವನ ಬೆನ್ನು ಬಾಗಿರಲಿಲ್ಲ.

"ಅಮ್ಮ ಬರೆದ ಚಿತ್ರ ಇದರಲ್ಲೇ ಇದೆಯಪ್ಪಾ. ಅವಳ ತಲೆದೆಸೇಲಿ ಇಡ್ತೀನಿ. ಅವಳು ಏನಾಗಿದ್ಲು ಅಂತ ಬಂದವರು ಒಂದ್ಸಲ ನೋಡ್ಲಿ."

ಬಂದವರು ಆಗಲೇ ಹೇಳುತ್ತಿದ್ದರು. "ಸುಣ್ಣ ಬಳಿಯೋದ್ರಲ್ಲಿ ಎತ್ತಿದ ಕೈ ಕಣ್ರೀ ಅವರದು," ಎನ್ನುತ್ತಿದ್ದಳು ಹಳೇ ಕ್ವಾರ್ಟರ್ಸಿನ ಪಕ್ಕದ ಮನೆಯಾಕೆ. "ಮನೆ ಬಿಡೋವಾಗ ತಪಾಸಣೆಯವರು ಭೂತಗನ್ನಡಿ ಹಿಡಿದ್ರೂ ಗೋಡೆ ಮೇಲೆ ಒಂದು ಚುಕ್ಕೆ ಸಿಗ್ತಿರ್ಲಿಲ್ಲ."

*

ಎರಡು ವರ್ಷಕ್ಕೊಂದು ವರ್ಗ, ವರ್ಗಕ್ಕೊಂದು ಮನೆ. ಸಾಮಾನಿಗೆ ಮಿತಿಯಿತ್ತು. ಚಿತ್ರ ಬರೆಯಲು ಅಮ್ಮ ಕ್ಯಾನ್ವಾಸಿನ ಮಾತೆತ್ತಿದರೆ ಅಪ್ಪ ನಗುತ್ತಿದ್ದ, "ಪಾತ್ರೆ ಬಿಟ್ಟು ಇದನ್ನ ಹೊರೋಣ್ವಾ?" ಅಮ್ಮ ಗೋಡೆಯ ಮೇಲೆಯೇ ಬರೆದಳು. ಅಡುಗೆಮನೆಯಲ್ಲಿ ಕುದುರೆಗಳು, ಹಜಾರದ ತುಂಬ ಕಾಡು. ಕೊಟ್ಟ ಮನೆಯನ್ನು ಕೊಟ್ಟ ಹಾಗೆಯೇ ಒಪ್ಪಿಸಬೇಕಿತ್ತು. ಆದೇಶ ಬಂದ ಕೂಡಲೆ ತಲೆಗೆ ಬಟ್ಟೆ ಸುತ್ತಿ ತಾನೇ ಸುಣ್ಣ ಬಳಿದಳು. ಒಂಬತ್ತು ಮನೆ. ಕೊನೆಗೆ, ತಮ್ಮ ಜೊತೆ ಊರೂರು ಅಲೆಯುವ ಒಂದು ಗೋಡೆ ಅವಳಿಗೆ ಸಿಕ್ಕಿತು: ಟ್ರಂಕಿನ ಮುಚ್ಚಳದ ಒಳಬದಿ. ಅಲ್ಲೊಂದು ನೀಲಿ ಹೊಳೆ, ದಡದಲ್ಲಿ ಬೆನ್ನು ತಿರುಗಿಸಿ ಕೂತ ಹೆಂಗಸು.

"ಇವಳಿಗೆ ಮುಖ ಯಾಕಿಲ್ಲಮ್ಮಾ?"

"ಬಿಡುವಾದಾಗ ತಿರುಗ್ತಾಳೆ ಬಿಡು."

ಮದುವೆಯಾಗಿ ದೂರ ಹೋದ ಮೇಲೂ ಮಗಳು ಫೋನಿನಲ್ಲಿ ಕೇಳುತ್ತಿದ್ದಳು, ಹೊಳೆ ಹೇಗಿದೆ ಎಂದು.

"ಇದ್ದಲ್ಲೇ ಇದೆ," ಎನ್ನುತ್ತಿದ್ದಳು ಅಮ್ಮ.

*

ಮಗಳು ಮುಚ್ಚಳ ತೆರೆದಳು. ಒಳಗೆಲ್ಲ ಕಡುಹಸಿರು ಬಣ್ಣ, ನುಣ್ಣಗೆ.

"ರಿಟೈರಾದ ವರ್ಷ ನಾನೇ ಹೊಡೆದೆ," ಎಂದ ಅಪ್ಪ. "ಅಷ್ಟೂ ಟ್ರಂಕಿಗೆ, ಒಳಗೂ ಹೊರಗೂ ಎರಡೆರಡು ಕೋಟು. ಅವಳಿಗೊಂದು ಕೆಲಸ ತಪ್ಲಿ ಅಂತ."

"ಇಲ್ಲಿ ಚಿತ್ರ ಇತ್ತಲ್ಲಪ್ಪಾ!"

"ಅದೂ... ಅಂಚಲ್ಲಿ ತುಕ್ಕು ಹಿಡೀತಿತ್ತು. ಹಳೇದಲ್ವಾ ಅಂದ್ಕೊಂಡೆ."

"ಅಮ್ಮ ಏನಂದ್ಲು?"

"ಒಣಗೋವರೆಗೂ ಪಕ್ಕದಲ್ಲೇ ಕೂತಿದ್ಲು. ಆಮೇಲೆ ಬ್ರಶ್ಶು ತಗೊಂಡು ಮೇಲೆ ನನ್ನ ಹೆಸರು ಬರೆದುಕೊಟ್ಲು."

ಮಗಳು ಕೀಲಿಕೈಯ ತುದಿಯಿಂದ ಕೆರೆದಳು. ಹಸಿರು ಎದ್ದಿತು. ಅದಕ್ಕೆ ಅಂಟಿಕೊಂಡೇ ನೀಲಿಯೂ ಎದ್ದು ಬಂತು. ಕೆಳಗೆ ಬರೀ ತಗಡು. ಹೆಂಗಸು ಕೂತಿದ್ದ ಮೂಲೆಯನ್ನು ಕೆರೆಯಲು ಕೈ ಬರಲಿಲ್ಲ.

ಹೊರಗೆ ವ್ಯಾನಿನ ಬಾಗಿಲು ತೆರೆದ ಸದ್ದಾಯಿತು. ಅಪ್ಪ ಮೊಣಕಾಲೂರಿ, ಉದುರಿದ ಚೂರುಗಳನ್ನು ಒಂದೊಂದಾಗಿ ಅಂಗೈಗೆ ಎತ್ತಿಕೊಳ್ಳತೊಡಗಿದ.

ಮಗಳು ಮುಚ್ಚಳ ಹಾಕಿದಳು. ಅದರ ಮೇಲೆ ಅಪ್ಪನ ನಂಬರು, ಹುದ್ದೆ, ಹೆಸರು. ದುಂಡನೆಯ ಬಿಳಿ ಅಕ್ಷರಗಳು. ಎಲ್ಲೂ ಒಂದು ಹನಿ ಸೋರಿರಲಿಲ್ಲ.